ಒಂದು ದಿನದ ಹಿರಿತನ

ಪುಣೆ: ಡಬ್ಬಿಯ ವಿಚಾರಣೆ

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರವಾಸಕ್ಕೆ ಕರೆದೊಯ್ಯುವುದು ನನಗೆ ಹೊಸದಲ್ಲ. ಪುಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಸಿಂಹಗಡವನ್ನೂ ಬಾದಾಮಿಯನ್ನೂ ಎಷ್ಟು ಸಲ ಹತ್ತಿ ಇಳಿದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಸ್ವಯಂನಿವೃತ್ತಿ ಪಡೆದ ಮೇಲೆ ಇನ್ನು ಆ ಗದ್ದಲವಿಲ್ಲವೆಂದು ನಿಶ್ಚಿಂತಳಾಗಿದ್ದೆ. ಹಾಗಿರುವಾಗ ಶಾಲೆಯವರು ಮನೆಗೆ ಬಂದು, ಇಬ್ಬರು ಮಕ್ಕಳನ್ನು ಕಠ್ಮಂಡುವಿಗೆ ಕರೆದೊಯ್ಯಬೇಕೆಂದು ಕೇಳಿದರು.

ಅಲ್ಲಿ ನಡೆಯಲಿದ್ದದ್ದು ಒಂದು ಮಕ್ಕಳ ಸಮ್ಮೇಳನ. ಒಂದಕ್ಕೊಂದು ಮುನಿಸಿಕೊಂಡ ದೇಶಗಳ ಮಕ್ಕಳನ್ನು ಜೋಡಿಮಾಡಿ, ಹಿರಿಯರಿಗೆ ಒಂದು ಶಾಂತಿಯ ಮನವಿಯನ್ನು ಅವರಿಂದಲೇ ಬರೆಸಿ, ಕೊನೆಯ ದಿನ ಇಬ್ಬರೂ ಒಟ್ಟಿಗೆ ನಿಂತು ಓದುವುದು ಅದರ ಕ್ರಮ. ನಮ್ಮ ಪುಣೆಗೆ ಜೊತೆಯಾಗಿ ಬಂದದ್ದು ಕರಾಚಿ. ನಮ್ಮ ಕಡೆಯಿಂದ ಓದಬೇಕಾದವಳು ಎಂಟನೆಯ ತರಗತಿಯ ಶ್ರಾವಣಿ. ಆಕೆಯ ತಂದೆ ಸೈನ್ಯದಲ್ಲಿ ಹವಾಲ್ದಾರರು, ಗಡಿಯ ಠಾಣೆಯೊಂದರಲ್ಲಿದ್ದಾರೆ; ತಾಯಿ ಮಗಳು ಪುಣೆಯ ಖಡಕಿಯಲ್ಲಿ ಸೈನಿಕರ ಕ್ವಾರ್ಟರ್ಸಿನಲ್ಲಿದ್ದಾರೆ. ಜೊತೆಗೆ ಬಂದವನು ಚಿಂಚವಾಡದ ಸಮರ್ಥ. ಆತನಿಗೆ ವಹಿಸಿದ್ದು ಚಿತ್ರ ಬರೆಯುವ ಕೆಲಸ. ಆತನು ಮಾಡಿದ್ದು ಮಾತನಾಡುವ ಕೆಲಸ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಮರ್ಥನ ಚೀಲದಿಂದ ಒಂದು ಡಬ್ಬಿ ಹೊರಬಂದಿತು. ಒಳಗೆ ಕೆಂಪು ಪುಡಿ. ಕಾವಲಿನವರು ಅದನ್ನು ದೂರ ಹಿಡಿದು, ಇದೇನೆಂದು ಮರಾಠಿಯಲ್ಲಿ ಕೇಳಿದರು. ಶೇಂಗಾ ಹಿಂಡಿಯ, ಎಂದರೆ ಕಡಲೆಕಾಯಿ ಚಟ್ನಿಪುಡಿಯ, ಸ್ವರೂಪವನ್ನೂ ಉಪಯೋಗವನ್ನೂ ನಾನು ಶುದ್ಧ ಮರಾಠಿಯಲ್ಲಿ ಕ್ರಮವಾಗಿ ವಿವರಿಸತೊಡಗಿದೆ. ಅವರು ಸೊಲ್ಲಾಪುರದವರಂತೆ. ಮುಚ್ಚಳ ತೆಗೆದು ಒಮ್ಮೆ ಮೂಸಿ, ನನ್ನ ವಾಕ್ಯ ಮುಗಿಯುವ ಮೊದಲೇ ಡಬ್ಬಿಯನ್ನು ಹಿಂದಿರುಗಿಸಿ, ಬೆಳ್ಳುಳ್ಳಿ ತುಸು ಕಡಿಮೆಯಾಗಿದೆಯೆಂದು ಸಮರ್ಥನಿಗೆ ತಿಳಿಸಿದರು.

ಕಠ್ಮಂಡು: ಹಬ್ಬದ ತೋಪು

ಸಮ್ಮೇಳನವನ್ನು ಗೊತ್ತುಮಾಡಿದವರು ದೂರದ ದೇಶದವರು. ಪಂಚಾಂಗ ನೋಡುವ ಅಭ್ಯಾಸ ಅವರಿಗಿರಲಿಲ್ಲ. ನಾವು ಇಳಿದದ್ದು ನವರಾತ್ರಿಯ ನಡುವೆ. ನಮ್ಮ ದಸರೆಯನ್ನೇ ನೇಪಾಳದವರು ದಶೈಂ ಎನ್ನುತ್ತಾರೆ. ಅವರಿಗೆ ವರ್ಷದ ಎಲ್ಲ ಹಬ್ಬಗಳ ತೂಕವೂ ಆ ಒಂದರಲ್ಲಿದೆ. ಊರಿನ ಅರ್ಧ ಜನ ಹಳ್ಳಿಗೆ ಹೊರಟಿದ್ದರು, ಉಳಿದರ್ಧ ಹೊರಡಲು ಬಸ್ಸು ಹುಡುಕುತ್ತಿದ್ದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯ ಬಾಗಿಲು ಹಾಕಿಕೊಂಡು ನಿದ್ದೆಹೋಗುವ ಪುಣೆಯ ವರ್ತಕರನ್ನು ನಾನು ಬಲ್ಲೆ. ಇಲ್ಲಿ ಇಡೀ ನಗರವೇ ಹಬ್ಬ ಮುಗಿಯುವವರೆಗೆ ಬಾಗಿಲು ಹಾಕಿಕೊಂಡಿತ್ತು. ಆದರೂ ನಮ್ಮ ಪುಣೆಯಲ್ಲಿರುವಂತೆ ಗಿರಾಕಿಯನ್ನು ಗದರಿಸುವ ಫಲಕ ಒಂದು ಅಂಗಡಿಯ ಮುಂದೆಯೂ ಕಾಣಲಿಲ್ಲ. ಅದೊಂದು ಕೊರತೆಯೆಂದೇ ಪುಣೆಯವಳಾದ ನನಗೆ ತೋರಿತು.

ನಮ್ಮ ವಾಸ್ತವ್ಯ ನಗರಕ್ಕೆ ಅಂಟಿಕೊಂಡಿರುವ ಪಾಟನ್ ಎಂಬಲ್ಲಿ, ಸುನೀತಾ ಎಂಬವರ ಅತಿಥಿಗೃಹದಲ್ಲಿ. ಇಟ್ಟಿಗೆಯ ನೆಲದ ಅಂಗಳ, ಸುತ್ತಲೂ ಕೆತ್ತನೆಯ ಕಿಟಕಿಗಳು, ಮೂಲೆಯಲ್ಲಿ ಕಟ್ಟಿದ ಒಂದು ಕಪ್ಪು ಆಡು. ಮಕ್ಕಳೆಲ್ಲ ಸುನೀತಾರನ್ನು ದೀದಿ ಎನ್ನತೊಡಗಿದರು. ಎರಡು ದಿನ ಕಳೆಯುವುದರೊಳಗೆ ನಾನೂ ಹಾಗೆಯೇ ಕರೆಯುತ್ತಿದ್ದೆ.

ಕರಾಚಿಯವರು ನಮಗಿಂತ ಮೊದಲೇ ಬಂದಿದ್ದರು. ಓದಬೇಕಾದ ಹುಡುಗಿ ಝೈನಬ್, ಶ್ರಾವಣಿಯದೇ ವಯಸ್ಸು, ತೆಳ್ಳಗೆ, ಕನ್ನಡಕದವಳು. ಜೊತೆಗಿದ್ದವರು ಉರ್ದು ಶಿಕ್ಷಕಿ ನಸ್ರೀನ್. ನನ್ನಷ್ಟೇ ವಯಸ್ಸು, ನನ್ನಂಥದೇ ಸ್ವಭಾವ. ಪರಿಚಯವಾದ ಸ್ವಲ್ಪ ಹೊತ್ತಿಗೇ ಆಕೆ ಸಮರ್ಥನ ಹಿಂದಿಯ ಜಕಾರಗಳನ್ನು ತಿದ್ದಿದರು. ನಾನು ಶ್ರಾವಣಿಯ ಹೆಸರಿನ ಣಕಾರವನ್ನು ಝೈನಬಳಿಂದ ಹತ್ತು ಸಲ ಹೇಳಿಸಿದೆ. ಅಂದಿನಿಂದ ಇಬ್ಬರಿಗೂ ಪರಸ್ಪರ ಗೌರವ.

ಸಪ್ತಮಿಯಂದು ಎಲ್ಲರೂ ನಗರ ನೋಡಲು ಹೋಗಿದ್ದೆವು. ದೊಡ್ಡ ಮೈದಾನದ ಬಳಿ ಜನ ಕಿಕ್ಕಿರಿದಿದ್ದರು. ಹೂವು ಎಲೆಗಳ ಮೆರವಣಿಗೆಯೇನೋ ಬರಬಹುದೆಂದು ನಾವು ಕಾಯುತ್ತಿರುವಾಗ, ಸೈನಿಕರು ಒಮ್ಮೆಲೇ ತೋಪು ಹಾರಿಸಿದರು. ಅದು ದೇವಿಗೆ ಸಲ್ಲಿಸುವ ವಂದನೆಯಂತೆ. ನಮಗೆ ಯಾರೂ ಮೊದಲು ಹೇಳಿರಲಿಲ್ಲ. ಝೈನಬ್ ಕಿವಿ ಮುಚ್ಚಿಕೊಂಡು ಅಲ್ಲಿಯೇ ಕುಕ್ಕರಿಸಿದಳು. ಖಡಕಿಯಲ್ಲಿ ಗುಂಡಿನ ಅಭ್ಯಾಸದ ಸದ್ದು ಕೇಳುತ್ತಲೇ ಬೆಳೆದ ಶ್ರಾವಣಿ ಕದಲಲಿಲ್ಲ. ಝೈನಬಳ ಪಕ್ಕದಲ್ಲಿ ಕುಳಿತು, ಹೊಗೆ ಬಿಳಿಯದಾಗಿದೆ, ಬಿಳಿಯ ಹೊಗೆಯದು ಬರಿಯ ಸದ್ದು, ಅದರಲ್ಲಿ ಗುಂಡಿರುವುದಿಲ್ಲ ಎಂದು ತನಗೆ ತಿಳಿದ ಹಿಂದಿಯಲ್ಲಿ ಹೇಳಿದಳು. ಅದು ನಿಜವೋ ಅಲ್ಲವೋ ನಾನರಿಯೆ. ತೋಪು ನಿಲ್ಲುವವರೆಗೆ ಝೈನಬ್ ಅವಳ ಕೈ ಬಿಡಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮನವಿಯ ಮೊದಲ ಸಾಲುಗಳನ್ನು ಬರೆದರು. ಚಿಕ್ಕ ಬೆರಳು ತೋರಿಸಿ ಮಾತು ಬಿಡುವುದಕ್ಕೆ ಪುಣೆಯ ಮಕ್ಕಳು ಕಟ್ಟಿ ಎನ್ನುತ್ತಾರೆ. ಕರಾಚಿಯ ಮಕ್ಕಳು ಕುಟ್ಟಿ ಎನ್ನುತ್ತಾರಂತೆ. ಮನವಿಯಲ್ಲಿ ಆ ಮಾತನ್ನೇ ಹಾಕಿದ್ದರು. ಅದರ ಬದಲು 'ಸಂವಾದಸ್ಥಗಿತ' ಎಂದು ಬರೆಯಬಹುದಲ್ಲವೇ ಎಂದೆ. ಹುಡುಗಿಯರು ಬರೆಯುತ್ತಲೇ ಇದ್ದರು. ಸಮರ್ಥ ಮಾತ್ರ ನನ್ನ ಕಡೆ ನೋಡಿ, 'ಅಕ್ಕೋರ, ತುಮ್ಹಿ ಟೆನ್ಷನ್ ಘೇಊ ನಕಾ' ಎಂದು, ಚಿಂತಿಸಬೇಡಿರೆಂದು ಮರಾಠಿಯಲ್ಲಿ ಸಮಾಧಾನ ಹೇಳಿದನು. ನಮ್ಮ ಶಾಲೆಯ ಮಕ್ಕಳು ಶಿಕ್ಷಕಿಯನ್ನು ಧಾರವಾಡದ ರೂಢಿಯಂತೆ ಅಕ್ಕೋರ ಎಂದೇ ಕರೆಯುತ್ತಾರೆ. ಆ ರೂಢಿ ಪುಣೆಯಲ್ಲಿ ಮರಾಠಿಯೊಡನೆ ಹೀಗೆ ಸಂಸಾರ ಮಾಡಿಕೊಂಡಿದೆ.

ಪಾಟನ್: ಅಷ್ಟಮಿ

ಅಷ್ಟಮಿಯ ಬೆಳಗ್ಗೆ ಅಂಗಳದ ಆಡು ಕಾಣಲಿಲ್ಲ. ಸಮರ್ಥ ಅದಕ್ಕೆ ತನ್ನ ಗಣಿತದ ಮಾಸ್ತರರ ಹೆಸರಿಟ್ಟು, ದಿನವೂ ಎಲೆ ತಿನ್ನಿಸುತ್ತಿದ್ದನು. ದಶೈಂನ ಅಷ್ಟಮಿಯಂದು ಆಡು ಎಲ್ಲಿಗೆ ಹೋಗುತ್ತದೆಂಬುದನ್ನು ಸುನೀತಾ ದೀದಿ ಸಂಕೋಚದಿಂದ ಹೇಳಿದರು. ಆತನು ಕೈಯಲ್ಲಿದ್ದ ಎಲೆಗಳನ್ನು ಖಾಲಿ ಮೂಲೆಯಲ್ಲಿಟ್ಟು ಬಂದನು. ಅಡುಗೆಯವರೂ ಊರಿಗೆ ಹೋಗಿದ್ದರಿಂದ ಮಧ್ಯಾಹ್ನ ಅನ್ನ, ಮೊಸರು ಮತ್ತು ನಮ್ಮ ಶೇಂಗಾ ಹಿಂಡಿ. ನಸ್ರೀನ್ ಎರಡು ಸಲ ಹಾಕಿಸಿಕೊಂಡರು.

ಊಟ ಮುಗಿಯುವ ಹೊತ್ತಿಗೆ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದುಮಾಡತೊಡಗಿದವು. ಗಡಿಯಲ್ಲಿ ಗುಂಡು ಹಾರಿತ್ತು. ಮೊದಲು ಹಾರಿಸಿದವರು ಯಾರೆಂಬುದನ್ನು ನನ್ನ ಫೋನು ಒಂದು ರೀತಿ ಹೇಳಿತು, ನಸ್ರೀನರ ಫೋನು ಇನ್ನೊಂದು ರೀತಿ ಹೇಳಿತು. ನಾವು ಒಬ್ಬರ ಮುಖ ಒಬ್ಬರು ನೋಡದೆ ತಟ್ಟೆ ತೊಳೆದೆವು.

ಶ್ರಾವಣಿಯ ತಾಯಿ ಅಳುತ್ತಲೇ ಫೋನು ಮಾಡಿದರು. ಗಂಡನ ಫೋನು ಹತ್ತುತ್ತಿಲ್ಲ. ತಮ್ಮ ಮಗಳು ಆ ದೇಶದ ಹುಡುಗಿಯ ಪಕ್ಕದಲ್ಲಿ ನಗುತ್ತ ನಿಂತ ಚಿತ್ರವನ್ನು ಕ್ವಾರ್ಟರ್ಸಿನ ಜನ ನೋಡಿದರೆ ತಾವು ಹೇಗೆ ತಲೆ ಎತ್ತಿ ಓಡಾಡಬೇಕು, ಹುಡುಗಿಯನ್ನು ಕೂಡಲೇ ಹಿಂದಕ್ಕೆ ಕರೆತನ್ನಿ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹವಾಲ್ದಾರರ ಒಂದು ಮಾತು ಕೇಳಿದ ಮೇಲೆ ನಿರ್ಧರಿಸೋಣವೆಂದೆ. ಶ್ರಾವಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಅಂಗಳದ ಕಟ್ಟೆಯ ಮೇಲೆ ಕುಳಿತು ತಂದೆಯ ಸಂಖ್ಯೆಯನ್ನು ಒತ್ತುತ್ತಲೇ ಇದ್ದಳು. ಝೈನಬ್ ಬಂದು ಅವಳ ಪಕ್ಕದಲ್ಲಿ ಕುಳಿತಳು.

ಪಾಟನ್: ನವಮಿ

ಮರುದಿನ ಬೆಳಗ್ಗೆ ಹವಾಲ್ದಾರರೇ ಫೋನು ಮಾಡಿದರು. ಮಗಳೊಡನೆ ಮಾತನಾಡಿದ ಮೇಲೆ ನನ್ನನ್ನು ಕೇಳಿದರು.

'ನಮಸ್ಕಾರ್ರೀ ಅಕ್ಕೋರ. ನಾ ಆರಾಮ ಇದ್ದೇನ್ರಿ. ಇಲ್ಲಿ ನಿಂತವ್ರಿಗೆ ಯಾರಿಗೂ ಲಡಾಯಿ ಬೇಕಾಗಿಲ್ರಿ, ಟಿವಿ ಮುಂದ ಕೂತವ್ರಿಗೆ ಬೇಕಾಗ್ಯದ. ಹುಡುಗಿ ಓದಲಿ. ಆಕೀ ಅವ್ವಗ ನಾ ಹೇಳ್ತೇನಿ.' ಕೊನೆಗೆ ಸೇರಿಸಿದರು. 'ಆದ್ರ ಒಂದ ಮಾತ್ರಿ. ನನ್ನ ಮಗಳು ಅವ್ರ ಮುಂದ ತಲಿ ತಗ್ಗಿಸಿ ನಿಂತ್ಳು ಅನ್ನೂಹಂಗ ಆಗಬಾರದು. ನಾ ಹಾಕ್ಕೊಂಡ ವರ್ದಿಗೆ ಅದು ಸೇರಂಗಿಲ್ಲ.'

ಹಾಗಾಗದೆಂದು ನಾನು ಮಾತು ಕೊಟ್ಟೆ. ಕೊಟ್ಟ ಮಾತಿನ ಕಷ್ಟ ತಿಳಿದದ್ದು ಮಧ್ಯಾಹ್ನ, ಓದುವ ಕ್ರಮವನ್ನು ಗೊತ್ತುಮಾಡಲು ನಾನೂ ನಸ್ರೀನರೂ ಕುಳಿತಾಗ. ಮನವಿಯನ್ನು ಇಬ್ಬರೂ ಒಂದೊಂದು ಸಾಲಾಗಿ ಓದಬೇಕು. ಯಾರಾದರೊಬ್ಬರು ಮೊದಲು ಎದ್ದುಹೋಗಿ ಇನ್ನೊಬ್ಬರನ್ನು ಕರೆಯಬೇಕು. ನಾವು ಮೊದಲು ಹೋದರೆ ಬೇಡಲು ಹೋದೆವೆಂದು ನಮ್ಮವರು ಅನ್ನುವರು. ಅವರು ಮೊದಲು ಬಂದರೆ ಅವರ ಊರಿನಲ್ಲಿಯೂ ಅದೇ ಮಾತು. ಇನ್ನು ಓದನ್ನು ಆರಂಭಿಸುವ ಗೌರವ ಇಬ್ಬರಿಗೂ ಬೇಕು. ನಾನು ಅಕಾರಾದಿ ಕ್ರಮವನ್ನು ಸೂಚಿಸಿದೆ. ಯಾವ ಅಕ್ಷರಮಾಲೆಯಲ್ಲಿ ಎಂದು ಆಕೆ ಕೇಳಿದರು. ಆಕೆ ಚೀಟಿ ಎತ್ತೋಣವೆಂದರು. ದೇಶದ ಮರ್ಯಾದೆಯನ್ನು ಚೀಟಿಗೆ ಬಿಡಲಾಗದೆಂದು ನಾನೆಂದೆ.

ನಮ್ಮ ವಾದ ಕೇಳಿ ಬೇಸತ್ತ ಸುನೀತಾ ದೀದಿ ಇಬ್ಬರನ್ನೂ ಎಬ್ಬಿಸಿ ಓಣಿಯ ತುದಿಗೆ ಕರೆದೊಯ್ದರು. ಅಲ್ಲಿ ನಾಲ್ಕು ಹಸಿ ಬಿದಿರನ್ನು ನೆಟ್ಟು, ತುದಿ ಬಾಗಿಸಿ ಕಟ್ಟಿ, ಮುಗಿಲೆತ್ತರದ ಉಯ್ಯಾಲೆ ಹಾಕಿದ್ದರು. ದಶೈಂನಲ್ಲಿ ಒಮ್ಮೆಯಾದರೂ ಪಾದ ನೆಲ ಬಿಡಬೇಕೆಂಬುದು ಅವರ ಪದ್ಧತಿ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತೆ. ನಸ್ರೀನ್ ಬೆನ್ನಿಗೆ ಕೈಕೊಟ್ಟು ನೂಕಿದರು. ಆಮೇಲೆ ಆಕೆ ಕುಳಿತರು, ನಾನು ನೂಕಿದೆ. ಇಬ್ಬರೂ ನಕ್ಕೆವು, ಆದರೆ ಕ್ರಮದ ಪ್ರಶ್ನೆ ಅಲ್ಲಿಯೇ ಉಳಿಯಿತು. ಒಟ್ಟಿಗೆ ಓದುವುದನ್ನು ಕೈಬಿಟ್ಟು, ಎರಡು ದೇಶದವರೂ ತಮ್ಮ ತಮ್ಮ ಪ್ರತಿಯನ್ನು ಸಂಘಟಕರಿಗೆ ಒಪ್ಪಿಸಿಬಿಡುವುದೆಂದು ದಾರಿಯಲ್ಲಿ ತೀರ್ಮಾನಿಸಿಕೊಂಡೆವು.

ಅಂಗಳಕ್ಕೆ ಬಂದು ಅದನ್ನು ತಿಳಿಸಿದೆ. ಮಕ್ಕಳು ದೀದಿಯ ಅತ್ತೆಯೊಡನೆ ಮರುದಿನದ ಸಿದ್ಧತೆಯಲ್ಲಿದ್ದರು. ನಮ್ಮಲ್ಲಿ ನವರಾತ್ರಿಗೆ ಘಟ ಹಾಕಿ ಸಸಿ ಬೆಳೆಸುವಂತೆ ಅವರೂ ಕತ್ತಲೆಯ ಕೋಣೆಯಲ್ಲಿ ಜವೆಗೋಧಿ ಮೊಳೆಸುತ್ತಾರೆ. ಆ ಹಳದಿ ಸಸಿಗೆ ಜಮರಾ ಎನ್ನುತ್ತಾರೆ. ದಶಮಿಯಂದು ಕಿರಿಯರು ಹಿರಿಯರ ಮನೆಗೆ ಹೋಗುತ್ತಾರೆ. ಹಿರಿಯರು ಹಣೆಗೆ ಕೆಂಪಕ್ಕಿಯ ಟೀಕಾ ಹಚ್ಚಿ, ತಲೆಗೆ ಜಮರಾ ಮುಡಿಸುತ್ತಾರೆ.

'ನಮ್ಮ ಬನ್ನಿ ಇದ್ದಂಗ ಅದರೀ ಅಕ್ಕೋರ,' ಎಂದಳು ಶ್ರಾವಣಿ.

ಬನ್ನಿ ಎಂದರೇನೆಂದು ಝೈನಬ್ ಕೇಳಿದಳು. ದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ರೂಢಿಯನ್ನು ನಾನು ಹೇಳುತ್ತಿರುವಾಗ, ಸಮರ್ಥ ನನ್ನ ಮಾತನ್ನು ಕಸಿದುಕೊಂಡನು. ಚಿಂಚವಾಡದಲ್ಲಿ ಆತನ ತಂದೆಗೂ ಕಾಕಾನಿಗೂ, ಎಂದರೆ ಚಿಕ್ಕಪ್ಪನಿಗೂ, ವರ್ಷವಿಡೀ ಮಾತಿಲ್ಲ. ಎದುರು ಬಂದರೆ ಒಬ್ಬರು ಓಣಿ ಬದಲಿಸುತ್ತಾರೆ. ಆದರೆ ದಸರೆಯ ಸಂಜೆ ಕಾಕಾ ಬನ್ನಿ ಹಿಡಿದುಕೊಂಡು ಬರುತ್ತಾರೆ. ತಂದೆ ಮಧ್ಯಾಹ್ನದಿಂದಲೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಓದಿದ ಪೇಪರನ್ನೇ ಮತ್ತೆ ಓದುತ್ತ ಕಾಯುತ್ತಾರೆ. ಇಷ್ಟನ್ನೂ ಆತನು ಹಿಂದಿಯಲ್ಲಿ ಅಭಿನಯಸಹಿತ ಹೇಳಿದನು.

ಯಾವಾಗಲೂ ಕಾಕಾ ಅವರೇ ಬರಬೇಕೇ ಎಂದು ಝೈನಬ್ ಕೇಳಿದಳು. ಅವರು ಸಣ್ಣವರಲ್ಲವೇ ಎಂದನು ಸಮರ್ಥ. ತಪ್ಪು ಯಾರದೇ ಇರಲಿ, ಸಣ್ಣವರು ಮೊದಲು ಬರಬೇಕು, ದೊಡ್ಡವರು ಬಾಗಿಲು ತೆರೆದಿಡಬೇಕು. ಈದಿನ ದಿನ ತಮ್ಮಲ್ಲಿಯೂ ಕಿರಿಯರೇ ಹಿರಿಯರ ಮನೆಗೆ ಸಲಾಮಿಗೆ ಹೋಗುವರೆಂದು ನಸ್ರೀನ್ ಸೇರಿಸಿದರು.

ಝೈನಬ್ ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡಳು. ಆಮೇಲೆ ಮೆಲ್ಲಗೆ, 'ಮಿಸ್, ನಮ್ಮ ದೇಶ ಇವರ ದೇಶಕ್ಕಿಂತ ಒಂದು ದಿನ ದೊಡ್ಡದಲ್ಲವೇ?' ಎಂದಳು.

ಅವರದು ಆಗಸ್ಟ್ ಹದಿನಾಲ್ಕು, ನಮ್ಮದು ಹದಿನೈದು. ನಾನು ಎಷ್ಟೋ ಸಲ ಧ್ವಜವಂದನೆ ಮಾಡಿಸಿದ್ದೇನೆ. ಈ ಲೆಕ್ಕ ಎಂದೂ ಹೊಳೆದಿರಲಿಲ್ಲ. ಸಮರ್ಥ ಒಪ್ಪಲಿಲ್ಲ. 'ಹಂಗ್ಯಾಂಗ? ನಮ್ಮ ದೇಶಕ್ಕ ಸಾವಿರಾರು ವರ್ಷ ಆಗ್ಯಾವ,' ಎಂದು ಕನ್ನಡದಲ್ಲಿಯೇ ಗುಡುಗಿದನು. ಅರ್ಥ ಊಹಿಸಿದ ನಸ್ರೀನ್, ಮೊಹೆಂಜೊದಾರೊ ತಮ್ಮ ಸಿಂಧ್‌ನಲ್ಲಿದೆ, ಆ ಲೆಕ್ಕ ತೆಗೆಯುವುದಾದರೆ ತಾವೂ ಸಿದ್ಧ ಎಂದರು.

ಮಾತು ಮುಗಿಸಿದವಳು ಶ್ರಾವಣಿ. 'ಒಂದ ದಿನಾ ಆದ್ರೂ ದೊಡ್ಡವ್ರು ದೊಡ್ಡವ್ರರಿ. ನಾ ಹೋಗ್ತೇನಿ. ಸಣ್ಣವ್ರು ಮೊದಲು ಅಂದಮ್ಯಾಲ ಓದೂದೂ ನಾನ ಮೊದಲು.'

ನಾನು ಅವಳನ್ನು ಪಕ್ಕಕ್ಕೆ ಕರೆದೆ. ಅವಳ ತಂದೆಗೆ ನಾನು ಮಾತು ಕೊಟ್ಟವಳು. ಎಲ್ಲರೆದುರು ನಾವೇ ಎದ್ದುಹೋದರೆ ಅದನ್ನು ಜನ ಏನೆಂದು ತಿಳಿಯುತ್ತಾರೆ, ಅಪ್ಪ ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ.

'ನೆನಪದರಿ,' ಎಂದಳು. 'ಆದ್ರ ಅಕ್ಕೋರ, ಸಮರ್ಥನ ಕಾಕಾ ತಲಿ ತಗ್ಗಿಸಿ ಬರ್ತಾರೇನ್ರಿ? ಬನ್ನಿ ಹಿಡಕೊಂಡು ಬರ್ತಾರ.'

ಬಹುಕಾಲ ತರಗತಿಯಲ್ಲಿ ಪ್ರಶ್ನೆ ಕೇಳುವ ಕಡೆಯಲ್ಲಿ ನಿಂತವಳು ನಾನು. ಅಂದು ಪ್ರಶ್ನೆ ಕೇಳಿದವಳು ಅವಳು, ಮತ್ತು ಅದಕ್ಕೆ ನನಗೆ ಬಹಳ ಹೆಮ್ಮೆಯಾಯಿತು. ನಸ್ರೀನರ ಕಡೆ ನೋಡಿದೆ. ಹಿರಿತನ ತಮಗೆ, ಆರಂಭ ನಮಗೆ, ಕೊನೆಯ ಸಾಲು ಝೈನಬಳಿಗೆ ಎಂದೆ. ಆಕೆ ಒಮ್ಮೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಸರಿಯೆಂದು ತಲೆಯಾಡಿಸಿದರು.

ಪಾಟನ್: ದಶಮಿ

ದಶಮಿಯ ದಿನ ಸಭಾಭವನಕ್ಕೆ ಹೋದರೆ ಬಾಗಿಲಿಗೆ ಬೀಗ. ಬೀಗದ ಕೈ ಇದ್ದವರು ಟೀಕಾ ಹಚ್ಚಿಸಿಕೊಳ್ಳಲು ತಮ್ಮ ಹಿರಿಯರ ಊರಿಗೆ ಹೋಗಿದ್ದರು. ಸಂಘಟಕರು ಕೈ ಚೆಲ್ಲಿದರು. ಬೇರೆ ದೇಶಗಳ ಜೋಡಿಗಳೂ ಬಿಸಿಲಿನಲ್ಲಿ ನಿಂತಿದ್ದವು. ದೀದಿ ಎಲ್ಲರನ್ನೂ ತಮ್ಮ ಅಂಗಳಕ್ಕೇ ಕರೆತಂದರು.

ಅಲ್ಲಿ ಅವರ ಅತ್ತೆ ಕಂಬಳಿಯ ಮೇಲೆ ಕುಳಿತು ಬಂದವರಿಗೆಲ್ಲ ಟೀಕಾ ಹಚ್ಚುತ್ತಿದ್ದರು. ನಮ್ಮ ಕುಂಕುಮದಂತೆ ಬೊಟ್ಟಿನಷ್ಟಲ್ಲ. ಮೊಸರಿನಲ್ಲಿ ಕಲಸಿದ ಅಕ್ಕಿ ಹಣೆಯ ತುಂಬ. ನನ್ನ ಕನ್ನಡಕದ ಮೇಲೂ ನಾಲ್ಕು ಕಾಳು ಇಳಿದವು. ಝೈನಬ್ ಹಣೆಗೆ ಬೇಡವೆಂದು ವಿನಯದಿಂದ ಹೇಳಿ, ಜಮರಾವನ್ನು ಮಾತ್ರ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಅಜ್ಜಿ ಬೇಸರಿಸಲಿಲ್ಲ, ಅವಳ ಗಲ್ಲ ಹಿಡಿದು ಏನೋ ಹರಸಿದರು.

ನಮ್ಮ ಸರದಿ ಬಂದಿತು. ಹಬ್ಬಕ್ಕೆ ಬಂದ ನೆಂಟರು, ಓಣಿಯ ಜನ, ಕಿಟಕಿಗಳಿಂದ ಇಣುಕುವ ಸೊಸೆಯಂದಿರು. ಯಾವ ಸಭಾಭವನದಲ್ಲಿಯೂ ಅಷ್ಟು ಜನ ಸೇರುತ್ತಿರಲಿಲ್ಲ. ಝೈನಬ್ ಆಚೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಶ್ರಾವಣಿ ಈಚೆಯಿಂದ ಎದ್ದಳು. ಪುಣೆಯಲ್ಲಿ ಅವಳಿಗೆ ನಾನು ಕಲಿಸಿದ ಭಾಷಣದ ಭಂಗಿ ಯಾವುದೂ ಅವಳಲ್ಲಿರಲಿಲ್ಲ. ನೆಂಟರ ಮನೆಗೆ ಹೋಗುವವಳಂತೆ, ಕೈಯಲ್ಲಿ ಬನ್ನಿಯ ಬದಲಿಗೆ ಜಮರಾದ ಹಳದಿಯ ಸಸಿ ಹಿಡಿದು, ಅಂಗಳ ದಾಟಿದಳು. ಅವಳು ಸಮೀಪಿಸುತ್ತಲೇ ಝೈನಬ್ ತಾನಾಗಿ ಎದ್ದು ನಿಂತಳು. ಎಲ್ಲರಿಗೂ ಕೇಳುವಂತೆ ಶ್ರಾವಣಿ ಕನ್ನಡದಲ್ಲಿಯೇ ಹೇಳಿದಳು: 'ಬನ್ನಿ ತಗೊಂಡು ಬಂಗಾರದಂಗ ಇರೂಣು.' ಝೈನಬ್ ಸಸಿಯನ್ನು ತೆಗೆದುಕೊಂಡು, ಎರಡು ಪಾಲು ಮಾಡಿ, ಒಂದನ್ನು ಅವಳ ಕೈಯಲ್ಲಿಟ್ಟಳು.

ಅನಂತರ ಓದಿದರು, ಒಂದು ಸಾಲು ಇವಳು, ಒಂದು ಸಾಲು ಅವಳು. ನಾವೂ ಜಗಳವಾಡುತ್ತೇವೆ, ಜಗಳವಾಡಬೇಡಿ ಎಂದು ನಿಮಗೆ ಹೇಳುವುದಿಲ್ಲ. ಕಟ್ಟಿ ಮಾಡಬೇಡಿ ಎಂದಷ್ಟೇ ಹೇಳುತ್ತೇವೆ. ಕಟ್ಟಿ ಮಾಡಿದರೆ ಆಟಕ್ಕೆ ಜನ ಸಾಲುವುದಿಲ್ಲ. ನಮ್ಮಲ್ಲಿ ಒಬ್ಬಳ ಅಪ್ಪ ಗಡಿಯಲ್ಲಿದ್ದಾರೆ, ಇನ್ನೊಬ್ಬಳ ಅಣ್ಣ ಸೈನ್ಯಕ್ಕೆ ಸೇರಬೇಕೆಂದಿದ್ದಾನೆ. ಅವರಿಬ್ಬರೂ ಎಂದಾದರೂ ಎದುರಾಗುವುದಾದರೆ ನಮ್ಮಂತೆ ಇಂಥ ಅಂಗಳದಲ್ಲಿ ಎದುರಾಗಲಿ. ಕೊನೆಯ ಸಾಲನ್ನು ಓದುವಾಗ ಝೈನಬಳ ಧ್ವನಿ ಅದುರಿತು. ಶ್ರಾವಣಿ ಕಾಗದದ ಆ ಬದಿಯನ್ನೂ ಹಿಡಿದುಕೊಂಡಳು. ನಸ್ರೀನ್ ಕಣ್ಣೊರೆಸಿಕೊಳ್ಳದೆ ನೆಟ್ಟಗೆ ನಿಂತಿದ್ದರು. ನಾನೂ ಹಾಗೆಯೇ ನಿಂತಿದ್ದೆ. ನಾವಿಬ್ಬರೂ ಶಿಸ್ತಿನವರು.

ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಶ್ರಾವಣಿ ನನ್ನ ಫೋನು ಕೇಳಿ ತಂದೆಗೆ ಕರೆ ಮಾಡಿದಳು. ಸದ್ದಿನಲ್ಲಿ ಕೇಳಿಸದೆ ಧ್ವನಿ ದೊಡ್ಡದು ಮಾಡಿಕೊಂಡಿದ್ದರಿಂದ ಇಬ್ಬರ ಮಾತೂ ನನಗೆ ಕೇಳುತ್ತಿತ್ತು. ಯಾರು ಮೊದಲು ಹೋದರೆಂದು ಅವರು ಕೇಳಿದರು.

'ನಾನ ಹೋದ್ನಿ ಪಪ್ಪಾ. ಬನ್ನಿ ಕೊಟ್ನಿ.'

ಕೊಟ್ಟ ಮಾತು ನೆನಪಾಗಿ ನಾನು ಫೋನಿನ ಹತ್ತಿರ ಸರಿದೆ.

'ಆಕಿ ಕೂತ ತಗೊಂಡ್ಳೋ, ಎದ್ದ ನಿಂತ ತಗೊಂಡ್ಳೋ?'

'ಎದ್ದ ನಿಂತು. ಅರ್ಧಾ ತಿರುಗಿ ಕೊಟ್ಟಳು.'

'ಹಂಗಾರ ಬನ್ನಿ ಮುಟ್ಟಿದಂಗ ಆತು ಬಿಡು,' ಎಂದರು ಹವಾಲ್ದಾರರು. ಅವರ ಧ್ವನಿ ಸಡಿಲವಾಗಿತ್ತು. 'ಅಲ್ಲೇ ಇದ್ದಾಳೇನು ಆಕಿ? ಇದ್ರ ಹೇಳು, ನಮ್ಮ ಮನಿಯಿಂದನೂ ಬನ್ನಿ ಅಂತ.'

ಶ್ರಾವಣಿ ಜನರ ನಡುವೆ ನುಗ್ಗಿಹೋಗಿ ಝೈನಬಳಿಗೆ ಹಿಂದಿಯಲ್ಲಿ ಹೇಳಿದಳು. ಮೊದಲು ಅವಳಿಗೆ ನಂಬಿಕೆಯಾಗಲಿಲ್ಲ. ಯಾರು, ನಿನ್ನ ಅಬ್ಬೂನೇ, ಎಂದು ಎರಡು ಸಲ ಕೇಳಿದಳು. ಆಮೇಲೆ ದುಪಟ್ಟಾ ಸರಿಮಾಡಿಕೊಂಡು, ಬಲಗೈಯನ್ನು ಹಣೆಗೆ ಒಯ್ದು, ಆ ಚಿಕ್ಕ ಫೋನಿಗೆ ಸಲಾಂ ಮಾಡಿದಳು. ಅದರಲ್ಲಿ ಚಿತ್ರ ಕಾಣುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು.

ಶ್ರಾವಣಿ ಫೋನನ್ನು ಕಿವಿಗೆ ಹಿಡಿದಳು. 'ಪಪ್ಪಾ, ಆಕಿ ನಿಮಗ ಸಲಾಂ ಮಾಡ್ಯಾಳ. ನಿಂತು ಮಾಡ್ಯಾಳ.'